ತಗಡಿನ ಮೇಲಿನ ಹಾಜರಿ

ಬೆಂಗಳೂರಿನ ನಡುಪೇಟೆಯಲ್ಲಿ ಒಂದು ಕಟ್ಟಡ ಏಳುತ್ತಿದೆ. ಮಹಾತ್ಮ ಗಾಂಧಿ ರಸ್ತೆಯಿಂದ ಹತ್ತು ನಿಮಿಷ ನಡೆದರೆ ಸಿಗುತ್ತದೆ. ನೆಲದ ಕೆಳಗೆ 4 ಅಂತಸ್ತು, ಮೇಲೆ 22. ಎಲ್ಲವೂ ಆಫೀಸುಗಳಿಗೆ. ರಸ್ತೆಯ ಕಡೆ ನೀಲಿ ತಗಡಿನ ಗೋಡೆ ನಿಲ್ಲಿಸಿ ಅದರ ಮೇಲೆ ಬಣ್ಣದ ಚಿತ್ರ ಅಂಟಿಸಿದ್ದಾರೆ. ಗಾಜಿನ ಕಟ್ಟಡ, ಮುಂದೆ ಕಾರಂಜಿ, ಕಾರಂಜಿಯ ಸುತ್ತ ಕೈಯಲ್ಲಿ ಕಾಫಿ ಲೋಟ ಹಿಡಿದು ನಗುತ್ತಿರುವ ಗಂಡಸರು, ಹೆಂಗಸರು. ಆ ಚಿತ್ರದಲ್ಲಿ ನಮ್ಮವರು ಯಾರೂ ಇಲ್ಲ. ನಾವು ಚಿತ್ರದ ಹಿಂದೆ ಇದ್ದೆವು. ಅದೇ ತಗಡಿಗೆ ಆನಿಸಿಕೊಂಡು ಮೊನ್ನೆಯವರೆಗೂ ನಮ್ಮ ಶೆಡ್ಡುಗಳಿದ್ದವು.

ನಾವು ಎಂದರೆ ಯಾರು ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನ ಒಂದು ಮಾದಿಗರ ಓಣಿಯವರು. ಆ ಓಣಿಯಲ್ಲಿ ಮೊದಲು ಬಿ.ಎ. ಮುಗಿಸಿದವರೂ ನಾವೇ. ಪದ್ಯ ಬರೆಯುತ್ತೇವೆ. ‘ನಾನು’ ಎಂದು ಬರೆಯಲು ಹೋದರೆ ಪೆನ್ನು ನಿಲ್ಲುತ್ತದೆ. ಹಾಸ್ಟೆಲ್ಲಿನ ಅನ್ನ, ಅವ್ವನ ಕೂಲಿ, ಅಣ್ಣ ಅರ್ಧಕ್ಕೆ ಬಿಟ್ಟ ಶಾಲೆ ಇಷ್ಟೂ ಸೇರಿ ಆದ ಡಿಗ್ರಿ ಇದು. ಅದನ್ನು ಒಬ್ಬರ ಹೆಸರಿಗೆ ಬರೆದುಕೊಳ್ಳುವುದು ಹೇಗೆ?

ಬತ್ತ, ಹತ್ತಿ ಬೆಳೆಯುವವರ ಮಾತು ಬಿಡಿ. ಅದು ಬಿಟ್ಟರೆ ನಮ್ಮ ಜಿಲ್ಲೆಯಿಂದ ಹೊರಗೆ ಹೋಗುವ ಸರಕು ಮೂರು. ಹಟ್ಟಿಯ ಚಿನ್ನ ಒಂದು. ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಸುಟ್ಟು ತಯಾರಿಸುವ ಕರೆಂಟು ಇನ್ನೊಂದು. ಕರೆಂಟು ತಂತಿ ಹಿಡಿದು ಹೋಗುತ್ತದೆ, ಬೂದಿ ನಮ್ಮಲ್ಲೇ ಉಳಿಯುತ್ತದೆ. ಮೂರನೆಯ ಸರಕು ಮನುಷ್ಯರು. ಸುಗ್ಗಿಯ ಕೂಲಿ ಮುಗಿದ ಮೇಲೆ, ಕೆಲವು ವರ್ಷ ಮುಗಿಯುವ ಮೊದಲೇ, ಮುದುಕರನ್ನೂ ಒಂದೆರಡು ಕೋಳಿಯನ್ನೂ ಮನೆಯಲ್ಲಿ ಬಿಟ್ಟು, ಕೂಸು ಕಂಕುಳಲ್ಲಿ ಎತ್ತಿಕೊಂಡು ರಾತ್ರಿ ಬಸ್ಸು ಹತ್ತುತ್ತಾರೆ. ಇದಕ್ಕೆ ಗುಳೆ ಎನ್ನುತ್ತಾರೆ. ಚಿಕ್ಕವರಿದ್ದಾಗ ನಾವೂ ಆ ಗಂಟುಗಳ ನಡುವೆ ಕೂತು ಬಂದವರೇ. ಮರಳಿನ ರಾಶಿಯ ಮೇಲೆ ಆಡಿದ್ದೇವೆ. ಮಿಕ್ಸರ್ ಮಷೀನಿನ ಸದ್ದಿಗೆ ನಿದ್ದೆ ಮಾಡಿದ್ದೇವೆ. ಒಬ್ಬ ಮಾಸ್ತರರು ಹಟ ಹಿಡಿದು ಆರನೇ ಕ್ಲಾಸಿಗೆ ಸರ್ಕಾರಿ ಹಾಸ್ಟೆಲ್ಲಿಗೆ ಸೇರಿಸದೆ ಹೋಗಿದ್ದರೆ ಇವತ್ತು ಪೆನ್ನಿನ ಬದಲು ಬಾಂಡ್ಲಿ ಹಿಡಿದಿರುತ್ತಿದ್ದೆವು.

ಇಂಥ ಕಟ್ಟಡ ಹೇಗೆ ಏಳುತ್ತದೆ ಎಂಬುದನ್ನು ಹೊರಗಿನವರು ಕ್ರೇನ್ ನೋಡಿ ತಿಳಿಯುತ್ತಾರೆ. ಕ್ರೇನ್ ಬರುವುದು ಆಮೇಲೆ. ಮೊದಲು ಗುಂಡಿ. ಮಣ್ಣು ತೆಗೆದು, ಬಂಡೆ ಒಡೆದು, ಒಸರುವ ನೀರನ್ನು ಹಗಲೂ ರಾತ್ರಿ ಪಂಪಿನಿಂದ ಎತ್ತಿ ಹಾಕಬೇಕು. ಯಂತ್ರ ಬಾಚಿ ಉಳಿಸಿದ ಮೂಲೆಮುಡುಕನ್ನು ಮನುಷ್ಯರು ಕೈಯಿಂದ ತೋಡಬೇಕು. ಆ ಮೂಲೆಗಳು ನಮ್ಮ ಪಾಲಿನವು. ಕಂಬಿ ಕಟ್ಟುವವರು ಬಂಗಾಳದ ಮಾಲ್ದಾ ಕಡೆಯವರು. ಸೆಂಟ್ರಿಂಗ್ ಮಾಡುವವರು ಬಿಹಾರದ ಕಟಿಹಾರ್ ಕಡೆಯವರು. ಅವರಿಗೆ ಒಂದು ಕಸುಬಿದೆ, ಕಸುಬಿನ ಹೆಸರಿದೆ. ನಮಗಿರುವ ಹೆಸರು ‘ಹೆಲ್ಪರ್’. ಊರಲ್ಲಿ ಸತ್ತ ದನ ಎಳೆಯುವವರು ಯಾರು ಎಂದು ಯಾರೂ ಕೇಳಬೇಕಾಗಿರಲಿಲ್ಲ. ಇಲ್ಲಿಯೂ ಕೊಳಚೆ ಗುಂಡಿಗೆ ಇಳಿಸುವಾಗ ಯಾರೂ ಜಾತಿ ಕೇಳುವುದಿಲ್ಲ. ಮೇಸ್ತ್ರಿ ಊರು ಕೇಳುತ್ತಾನೆ, ಓಣಿ ಯಾವುದು ಎಂದು ಕೇಳುತ್ತಾನೆ. ಅವನಿಗೆ ಅಷ್ಟು ಸಾಕು.

ನಮ್ಮವ್ವನ ಕೆಲಸ ಸ್ಲ್ಯಾಬಿಗೆ ನೀರು ಉಣಿಸುವುದು. ಕಾಂಕ್ರೀಟ್ ಲಾರಿಗಳು ರಾತ್ರಿ ಬರುತ್ತವೆ. ಬೆಳಗಾಗುವ ಹೊತ್ತಿಗೆ ಸ್ಲ್ಯಾಬ್ ಬಿದ್ದಿರುತ್ತದೆ. ಆಮೇಲೆ ಕಡಿಮೆ ಎಂದರೂ ಒಂದು ವಾರ ಅದರ ತೇವ ಆರಬಾರದು. ಗೋಣಿಚೀಲ ಹಾಸಿ, ನೀರು ಹಾಕಿ, ಬಿಸಿಲಿಗೆ ಒಣಗಿದವನ್ನು ತೆಗೆದು ಮತ್ತೆ ನೆನೆಸಿ ಹಾಸಬೇಕು. “ಬಾಣಂತಿಗೆ ಮಾಡಿದಂಗ ಮಾಡ್ಬೇಕು ಇದಕ್ಕ” ಅಂತಿದ್ದಳು ಅವ್ವ. ಸ್ಲ್ಯಾಬಿಗೆ ಹಗಲೆಲ್ಲ ನೀರು. ಶೆಡ್ಡಿನ ನಳಕ್ಕೆ ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು. ಗಂಡಾಳಿಗಿಂತ ಹೆಣ್ಣಾಳಿಗೆ ದಿನಕ್ಕೆ 200 ರೂಪಾಯಿ ಕಡಿಮೆ. ಸಮಾನ ಕೂಲಿಯ ಕಾಯಿದೆ ಬಂದದ್ದು 1976ರಲ್ಲಿ, ಅವ್ವ ಹುಟ್ಟುವುದಕ್ಕೂ ಮೊದಲು.

ಅವ್ವನಿಗೆ ಓದು ಬರಹ ಬರುವುದಿಲ್ಲ. ಆದರೆ ಅವಳ ಹತ್ತಿರ ಒಂದು ಲೆಕ್ಕದ ಪುಸ್ತಕವಿತ್ತು. ಆ ಪುಸ್ತಕದ ಕತೆ ಹೇಳಲಿಕ್ಕೇ ಇಷ್ಟು ಬರೆದದ್ದು.

2020ರ ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಧಾನಿಗಳು ಟಿ.ವಿ.ಯಲ್ಲಿ ಬಂದು ದೇಶಕ್ಕೆ ಬೀಗ ಹಾಕಿದರು. ಗಡುವು ನಾಲ್ಕು ತಾಸು. ಆಗ ಅವ್ವ ಹೆಬ್ಬಾಳದ ಕಡೆ ಇನ್ನೊಂದು ಕಟ್ಟಡದಲ್ಲಿದ್ದಳು. ಅಲ್ಲಿ ಬಟವಾಡೆಯ ದಿನ ಖರ್ಚಿಗೆಂದು ಅಷ್ಟಿಷ್ಟು ಕೊಟ್ಟು, ಉಳಿದದ್ದನ್ನು ಊರಿಗೆ ಹೋಗುವಾಗ ಕೊಡುವ ಪದ್ಧತಿ. ಮೇಸ್ತ್ರಿ ರಾತ್ರೋರಾತ್ರಿ ತನ್ನ ಊರು ಸೇರಿದ. ಅವನ ಕಿಸೆಯ ಪುಸ್ತಕವೂ ಅವನ ಸಂಗಡ ಹೋಯಿತು. ಅವ್ವನ 5 ವಾರದ ಬಾಕಿ ಆ ಪುಸ್ತಕದಲ್ಲಿತ್ತು. ಇನ್ನು ಯಾರನ್ನು ಕೇಳುವುದು? ಏನೆಂದು ಕೇಳುವುದು?

ಮೇ 5ರಂದು ರಾಜ್ಯ ಸರ್ಕಾರ ಕಟ್ಟಡ ಉದ್ಯಮದವರ ಜೊತೆ ಸಭೆ ನಡೆಸಿತು. ಹೊರರಾಜ್ಯದ ಕಾರ್ಮಿಕರಿಗೆಂದು ಬಿಡುತ್ತಿದ್ದ ವಿಶೇಷ ರೈಲುಗಳು ಬೇಡ ಎಂದು ಅದೇ ದಿನ ರೈಲ್ವೆಗೆ ಪತ್ರ ಹೋಯಿತು. ದೇಶದ ತುಂಬ ಛೀಮಾರಿ ಬಿದ್ದ ಮೇಲೆ ಎರಡು ಮೂರು ದಿನಕ್ಕೆ ಮತ್ತೆ ರೈಲು ಬಿಟ್ಟರು. ನಮ್ಮವರಿಗೆ ರಾಜ್ಯದೊಳಗಿನ ಬಸ್ಸಾದರೂ ಸಿಕ್ಕಿತು. ಪಕ್ಕದ ಶೆಡ್ಡಿನ ಬಿಹಾರದ ಹುಡುಗರು ಮೂಟೆ ಕಟ್ಟಿಕೊಂಡು ಮೂಟೆಯ ಮೇಲೇ ಕೂತಿದ್ದರು. ಈ ಕೈಗಳು ಹೋದರೆ ಕಟ್ಟಡ ನಿಲ್ಲುತ್ತದೆ ಎಂಬ ಲೆಕ್ಕ ಆ ದಿನ ಎಲ್ಲರಿಗೂ ಚೆನ್ನಾಗಿ ಗೊತ್ತಿತ್ತು. ಕೊಡಬೇಕಾದ ಕೂಲಿಯ ಲೆಕ್ಕ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಅಲ್ಲಿಂದ ಅವ್ವ ಒಂದು ಹಟ ಹಿಡಿದಳು. ಯಾವ ಸೈಟಿಗೆ ಹೋದರೂ ಶೆಡ್ಡಿನ ಒಳಗಿನ ತಗಡಿನ ಮೇಲೆ ದಿನಕ್ಕೊಂದು ಗೀಟು. ಮೊಳೆಯಿಂದ ಗೀಚುತ್ತಿದ್ದಳು. ಪೂರ್ತಿ ದಿನಕ್ಕೆ ಉದ್ದ ಗೀಟು, ಅರ್ಧ ದಿನಕ್ಕೆ ಗಿಡ್ಡ ಗೀಟು. ಬಟವಾಡೆಗೆ ಅಡ್ಡ ಗೀಟು. ಸ್ಲ್ಯಾಬಿನ ರಾತ್ರಿ ಓವರ್‌ಟೈಮ್ ಮಾಡಿದ್ದರೆ ಮಗ್ಗುಲಿಗೆ ಒಂದು ಚುಕ್ಕಿ. ಕಾಲೇಜಿನ ರಜೆಯಲ್ಲಿ ಬಂದಾಗ ನಾವು ಅದನ್ನು ನೋಡಿ ನಕ್ಕಿದ್ದೆವು. “ಯವ್ವಾ, ಹೆಸರ ಬರಿಯೋದ ಕಲಸ್ತೀವಿ ಬಾ” ಅಂದಿದ್ದೆವು. “ಹೆಸರ ಕಲ್ತರ ಬಾಕಿ ಪಗಾರ ಬರ್ತದೇನ?” ಅಂತ ಕೇಳಿದ್ದಳು. ಉತ್ತರ ಹೇಳದೆ ಮತ್ತೆ ನಕ್ಕಿದ್ದೆವು. ಡಿಗ್ರಿಯವರ ನಗು ಅದು.

ಈ ನಡುಪೇಟೆಯ ಕಟ್ಟಡಕ್ಕೆ ಅವ್ವ ಬಂದದ್ದು 2023ರ ದೀಪಾವಳಿ ಕಳೆದ ಮೇಲೆ. 2024ರ ಯುಗಾದಿಗೆ ನಾಲ್ಕು ದಿನ ಇರುವಾಗ, ನೆಲದಡಿಯ ಎರಡನೇ ಅಂತಸ್ತಿನ ಇಳಿಜಾರಿನಲ್ಲಿ, ನೆನೆದ ಗೋಣಿಚೀಲದ ಹೊರೆ ಹೊತ್ತು ಇಳಿಯುತ್ತಿದ್ದವಳು ಜಾರಿದಳು. ಅಂಚಿಗೆ ಹಿಡಿಕೆ ಕಂಬಿ ಇರಲಿಲ್ಲ. 8 ಅಡಿ ಕೆಳಗೆ ಬಿದ್ದಳು. ಬಲಗೈಯ ಮುಂಗೈ ಮೂಳೆ ಎರಡು ಕಡೆ ಮುರಿಯಿತು. ಮೇಸ್ತ್ರಿ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದು, 3000 ರೂಪಾಯಿ ಕೈಯಲ್ಲಿಟ್ಟು, “ಊರಿಗೋಗಿ ಆರಾಮ ಮಾಡ್ಕೋ” ಅಂದ. ಆಗ ನಾವು ರಾಯಚೂರಿನಲ್ಲಿ ಕೆಲಸ ಹುಡುಕುತ್ತಿದ್ದೆವು. ಮೂರನೆಯ ದಿನ ಬಂದು ಆಸ್ಪತ್ರೆಯ ಚೀಟಿ ಓದಿದೆವು. ‘ಮನೆಯಲ್ಲಿ ಕಾಲು ಜಾರಿ ಬಿದ್ದದ್ದು’ ಎಂದು ಬರೆಸಿದ್ದರು. ಆ ಚೀಟಿಯನ್ನು ಅವ್ವ ಮೂರು ದಿನ ಸೆರಗಿನಲ್ಲಿ ಕಟ್ಟಿಕೊಂಡು ಓಡಾಡಿದ್ದಳು. ತನ್ನ ವಿರುದ್ಧದ ಸಾಕ್ಷಿಯನ್ನು ತಾನೇ ಜೋಪಾನ ಮಾಡಿದ್ದಳು.

ಅವತ್ತು ನಮ್ಮ ಡಿಗ್ರಿಗೆ ಮೊದಲ ಸಲ ಕೆಲಸ ಸಿಕ್ಕಿತು. ಕಾಯಿದೆ ಓದಲು ಕೂತೆವು. ಕಟ್ಟಡ ಕಾರ್ಮಿಕರಿಗೆಂದು 1996ರಲ್ಲೇ ಎರಡು ಕಾಯಿದೆಗಳು ಬಂದಿದ್ದವು. ಕಟ್ಟಿಸುವವರು ಕಟ್ಟಡದ ವೆಚ್ಚದಲ್ಲಿ ನೂರಕ್ಕೆ ಒಂದರಂತೆ ಸೆಸ್ ಕಟ್ಟಬೇಕು. 300 ಕೋಟಿಯ ಕಟ್ಟಡವಾದರೆ 3 ಕೋಟಿ. ಆ ದುಡ್ಡು ಕಾರ್ಮಿಕರ ಕಲ್ಯಾಣಕ್ಕೆ. ಕರ್ನಾಟಕದಲ್ಲಿ ನಿಯಮಗಳು ಬಂದದ್ದು 2006ರಲ್ಲಿ, ಕಲ್ಯಾಣ ಮಂಡಳಿ ರಚನೆಯಾದದ್ದು 2007ರಲ್ಲಿ. ಕಾರ್ಡು ಮಾಡಿಸಿಕೊಂಡವರಿಗೆ ಅಪಘಾತಕ್ಕೆ, ಹೆರಿಗೆಗೆ, ಮಕ್ಕಳ ಓದಿಗೆ, 60 ದಾಟಿದ ಮೇಲೆ ಪಿಂಚಣಿಗೆ ಸಹಾಯ ಉಂಟು. ಕಾರ್ಡು ಬೇಕೆಂದರೆ ವಯಸ್ಸು 18ರಿಂದ 60ರೊಳಗೆ ಇರಬೇಕು, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ಸಾಕ್ಷಿ ಬೇಕು. ಇನ್ನೊಂದು ಮಾತನ್ನೂ ಅಲ್ಲಿ ಓದಿದೆವು. ಯಾರು ಕೆಲಸ ಮಾಡಿದರು, ಎಷ್ಟು ತಾಸು ಮಾಡಿದರು, ಎಷ್ಟು ಕೂಲಿ ಕೊಟ್ಟೆವು ಎಂಬ ದಾಖಲೆಯನ್ನು ಮಾಲೀಕರೇ ಇಡಬೇಕು. ಅಂದರೆ ಅವ್ವ ತಗಡಿನ ಮೇಲೆ ಬರೆಯುತ್ತಿದ್ದುದು ಅವರು ಪುಸ್ತಕದಲ್ಲಿ ಬರೆಯಬೇಕಾಗಿದ್ದ ಲೆಕ್ಕ.

90 ದಿನದ ಪತ್ರಕ್ಕೆ ಮೇಸ್ತ್ರಿಯ ಹತ್ತಿರ ಹೋದೆವು. “ನಾನು ಸಹಿ ಹಾಕೋ ಹಂಗಿಲ್ಲ, ಗುತ್ತಿಗೆದಾರರನ್ನ ಕೇಳಿ” ಅಂದ. ಸಣ್ಣ ಗುತ್ತಿಗೆದಾರ ದೊಡ್ಡ ಗುತ್ತಿಗೆದಾರನನ್ನು ತೋರಿಸಿದ. ದೊಡ್ಡವನ ಆಫೀಸಿನಲ್ಲಿ ತಣ್ಣಗಿನ ಗಾಳಿ ಬೀಸುತ್ತಿತ್ತು. “ನಮ್ಮ ಪಟ್ಟಿಯಲ್ಲಿ ಈ ಹೆಸರಿಲ್ಲ” ಅಂದರು. ದಿನಾ ಬೆಳಿಗ್ಗೆ ಗೇಟಿನಲ್ಲಿ ಹೆಸರು ಬರೆದು ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ ರಿಜಿಸ್ಟರ್ ಎಲ್ಲಿ ಎಂದು ಕೇಳಿದೆವು. ಅದು ಸೆಕ್ಯುರಿಟಿಯವರದ್ದು, ಅದು ಬೇರೆ ಏಜೆನ್ಸಿ ಅಂದರು. ನಮ್ಮನ್ನು ಒಳಗೆ ಬಿಡಲು ಒಂದು ಪುಸ್ತಕ ಉಂಟು. ನಾವು ಒಳಗಿದ್ದೆವು ಎನ್ನಲು ಪುಸ್ತಕವಿಲ್ಲ.

ಕಡೆಗೆ ಒಂದು ಸರ್ಕಾರಿ ಕಚೇರಿಗೆ ಹೋದೆವು. ಎರಡು ಪುಟದ ಅರ್ಜಿ, ತಪ್ಪಿಲ್ಲದ ಕನ್ನಡ. ಅಲ್ಲಿದ್ದವರು ಕನ್ನಡಕ ಏರಿಸಿ ಓದಿದರು. “ಏನಮ್ಮಾ, ಅಕ್ಷರ ಮುತ್ತು ಪೋಣಿಸಿದಂಗೈತೆ. ಆದ್ರೆ ಸಹಿ ಎಲ್ಲೈತೆ?” ಅಂದು ವಾಪಸು ಕೊಟ್ಟರು. ಅವರ ಕಷ್ಟವೂ ಸುಳ್ಳಲ್ಲ. ಒಂದು ದಿನವೂ ಬಾಂಡ್ಲಿ ಮುಟ್ಟದವರು ಸುಳ್ಳು ಪತ್ರ ಕೊಟ್ಟು ಕಾರ್ಡು ಮಾಡಿಸಿಕೊಂಡ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇತ್ತು. ಸುಳ್ಳು ಹೇಳುವವರಿಗೆ ಸಹಿ ಸಿಗುತ್ತದೆ. ದುಡಿದವರಿಗೆ ಸಿಗುವುದಿಲ್ಲ.

ಶೆಡ್ಡಿಗೆ ಬಂದು ನೆಲಕ್ಕೆ ಕೂತೆವು. ಎದುರಿಗೆ ತಗಡು. ಬೇರೆ ನೋಡುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಎಣಿಸಿದೆವು. 118 ಗೀಟು. ಮತ್ತೆ ಎಣಿಸಿದೆವು. 118.

ಒಂದು ನೋಟ್‌ಬುಕ್ ತಂದು ತಗಡನ್ನು ಕಾಪಿ ಮಾಡಲು ಶುರು ಮಾಡಿದೆವು. ಬಿದ್ದ ದಿನದಿಂದ ಹಿಂದಕ್ಕೆ, ಬಟವಾಡೆಯ ಅಡ್ಡ ಗೀಟು ಹಿಡಿದು ವಾರ ವಾರ ಲೆಕ್ಕ ಹಾಕಿದೆವು. ಎಳ್ಳಮಾವಾಸ್ಯೆಯ ದಿನ ಗೀಟಿಲ್ಲ. ಅವ್ವನಿಗೆ ಜ್ವರ ಬಂದ ಮೂರು ದಿನ ಗೀಟಿಲ್ಲ. ಮಾಲ್ದಾದ ಒಬ್ಬ ಹುಡುಗನ ಮೊಬೈಲಿನಲ್ಲಿ ಸ್ಲ್ಯಾಬ್ ಹಾಕಿದ ರಾತ್ರಿಗಳ ಫೋಟೋ ಇದ್ದವು. ಅವನು ತನ್ನ ಮುಖ ತೆಗೆದುಕೊಂಡ ಒಂದು ಫೋಟೋದಲ್ಲಿ ಹಿಂದೆ ಅವ್ವ ಗೋಣಿಚೀಲ ಹಿಡಿದು ನಿಂತಿದ್ದಳು. ಫೋಟೋದ ತಾರೀಕು ತಗಡಿನ ಚುಕ್ಕಿಗೆ ಸರಿಯಾಗಿ ಹೊಂದಿತು. ಆ ಕ್ಷಣ ನಮಗೆ ನಾಚಿಕೆಯಾಯಿತು. ನಾವು ನಕ್ಕಿದ್ದ ಬರಹದಲ್ಲಿ ಒಂದು ತಪ್ಪೂ ಇರಲಿಲ್ಲ. ನಮ್ಮ ಪದ್ಯಗಳ ಬಗ್ಗೆ ಆ ಮಾತು ಹೇಳಲಾರೆವು.

ನೋಟ್‌ಬುಕ್ಕಿನ ಕೊನೆಗೆ ಜೊತೆಗಾರರ ಸಾಕ್ಷಿ. 14 ಜನ. ಬಂಗಾಳಿಯಲ್ಲಿ ಮೂರು ಸಹಿ, ಹಿಂದಿಯಲ್ಲಿ ಎರಡು, ಉಳಿದವು ಹೆಬ್ಬೆಟ್ಟು. ಮೇಸ್ತ್ರಿಗೆ ಸುದ್ದಿ ಮುಟ್ಟಿತು. ಇಬ್ಬರು ಬಂದು, “ನಮ್ಮ ಹೆಬ್ಬೆಟ್ಟ ಅಳಿಸಿಬಿಡ್ರಿ, ಹೊಟ್ಟಿ ಪಾಡು” ಅಂದರು. ಅಳಿಸಿದೆವು. ಅವರನ್ನು ಬೈಯಲು ನಮಗೆ ಬಾಯಿ ಬರಲಿಲ್ಲ. ಮಾಲ್ದಾದ ಹುಡುಗ ಮಾತ್ರ ಸಹಿ ತೆಗೆಯಲಿಲ್ಲ. ಅದೇ ವಾರ ಅವನನ್ನು ಊರ ಹೊರಗಿನ ಸೈಟಿಗೆ ಕಳಿಸಿದರು.

ನೋಂದಾಯಿತ ಕಾರ್ಮಿಕ ಸಂಘವೂ 90 ದಿನದ ಪತ್ರ ಕೊಡಬಹುದು ಎಂದು ಆಮೇಲೆ ತಿಳಿಯಿತು. ಒಂದು ಸಂಘದವರು ಬಂದು ಶೆಡ್ಡು ನೋಡಿದರು, ತಗಡು ನೋಡಿದರು, ಒಬ್ಬೊಬ್ಬರನ್ನೇ ಕೂಡಿಸಿ ಕೇಳಿದರು, ಪತ್ರ ಕೊಟ್ಟರು. ಅವ್ವನಿಗೆ ಕಾರ್ಡು ಬಂತು. ಅದೇ ದಾರಿಯಲ್ಲಿ ಶೆಡ್ಡಿನ ಇನ್ನೂ 11 ಹೆಂಗಸರಿಗೆ ಕಾರ್ಡು ಬಂದವು. ಆದರೆ ಕಾರ್ಡಿಗೆ ಮೊದಲು ಮುರಿದ ಕೈಗೆ ಕಾರ್ಡಿನಿಂದ ಏನೂ ಇಲ್ಲ ಎಂದರು. ಕಾರ್ಡು ಕೈಗೆ ಬಂದಾಗ ಅವ್ವನಿಗೆ ದುಡಿಯುವ ಕೈ ಇರಲಿಲ್ಲ. ಈಗಲೂ ಬಲಗೈಯಲ್ಲಿ ತುಂಬಿದ ಬಿಂದಿಗೆ ಎತ್ತಲಾರಳು. ಊರಲ್ಲಿದ್ದಾಳೆ.

ಕೆಲಸದಲ್ಲಿ ಗಾಯಗೊಂಡವರ ಪರಿಹಾರಕ್ಕೆ 1923ರಷ್ಟು ಹಿಂದಿನ ಕಾಯಿದೆ ಇತ್ತು. ಅದಕ್ಕೆ ಕಾರ್ಡು ಬೇಕಿರಲಿಲ್ಲ. ಕೆಲಸ ಮಾಡಿದ್ದು ನಿಜ ಎಂದು ತೋರಿಸಿದರೆ ಸಾಕಿತ್ತು. ಸಂಘದ ವಕೀಲರು ಅದರಡಿ ಅರ್ಜಿ ಹಾಕಿದರು. ಎದುರಿನವರ ಉತ್ತರ ಬಂತು: ಈ ಹೆಸರಿನ ಹೆಂಗಸು ನಮ್ಮಲ್ಲಿ ಎಂದೂ ಕೆಲಸ ಮಾಡಿಲ್ಲ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಈ ಹಳೆಯ ಕಾಯಿದೆಗಳು ಅವುಗಳೊಳಗೆ ಸೇರಿಹೋದವು. ಸೆಸ್ ಉಳಿದಿದೆ, 90 ದಿನವೂ ಉಳಿದಿದೆ. ಅವ್ವನ ಅರ್ಜಿ ಇನ್ನೂ ತೀರ್ಮಾನವಾಗಿಲ್ಲ.

ಈ ನಡುವೆ ನಾವು ಎಂ.ಎ.ಗೆಂದು ಬೆಂಗಳೂರಿಗೇ ಬಂದೆವು. ಊರು ಸುತ್ತುವಾಗ ಎತ್ತರದ ಕಟ್ಟಡ ಕಂಡರೆ ಈಗ ಒಂದೇ ಪ್ರಶ್ನೆ ಏಳುತ್ತದೆ: ಇದರ ಹಾಜರಿ ಪುಸ್ತಕ ಎಲ್ಲಿ? ವಿಧಾನಸೌಧಕ್ಕೆ 1951ರಲ್ಲಿ ನೆಹರೂ ಅಡಿಗಲ್ಲು ಇಟ್ಟರು, 1956ರಲ್ಲಿ ಕಟ್ಟಡ ಮುಗಿಯಿತು. ಕಟ್ಟಿಸಿದವರು ಕೆಂಗಲ್ ಹನುಮಂತಯ್ಯನವರು ಎಂದು ಬಾಯಿಪಾಠ ಮಾಡಿ ಒಂದು ಮಾರ್ಕು ತೆಗೆದುಕೊಂಡಿದ್ದೇವೆ. ಕಲ್ಲು ಹೊತ್ತ ಸಾವಿರಾರು ಜನರಲ್ಲಿ ಸೆರೆಮನೆಯ ಕೈದಿಗಳೂ ಇದ್ದರು ಎಂಬುದು ನಮ್ಮ ಪಾಠದಲ್ಲಿರಲಿಲ್ಲ. ಸರ್ಕಾರದ ಕೆಲಸ ದೇವರ ಕೆಲಸ ಎಂದು ಅದರ ಹಣೆಯ ಮೇಲೆ ಕೆತ್ತಿದ್ದಾರೆ. 1970ರ ದಶಕದಲ್ಲಿ ಮಹಾತ್ಮ ಗಾಂಧಿ ರಸ್ತೆಯಲ್ಲಿ ಪಬ್ಲಿಕ್ ಯುಟಿಲಿಟಿ ಕಟ್ಟಡ 25 ಅಂತಸ್ತು ಎದ್ದಿತು. ಅದನ್ನು ಎತ್ತಿದವರ ಹೆಸರನ್ನೂ ಯಾರೂ ನಮಗೆ ಹೇಳಿಲ್ಲ.

ಇನ್ನು ಬಿದ್ದ ಕಟ್ಟಡಗಳು. 1983ರ ಸೆಪ್ಟೆಂಬರಿನಲ್ಲಿ ಕಪಾಲಿ ಚಿತ್ರಮಂದಿರದ ಬಳಿ ಕಟ್ಟುತ್ತಿದ್ದ ಗಂಗಾರಾಮ್ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತರು. 2019ರ ಮಾರ್ಚ್ 19ರಂದು ಧಾರವಾಡದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ. 2024ರ ಅಕ್ಟೋಬರ್ 22ರಂದು ಇದೇ ಬೆಂಗಳೂರಿನ ಬಾಬುಸಾಬ್ ಪಾಳ್ಯದಲ್ಲಿ ಮತ್ತೊಂದು, ಮತ್ತೆ ಕೂಲಿಗಳು. ಅವತ್ತೆಲ್ಲ ಅಧಿಕಾರಿಗಳು ಬಂದರು, ಪಟ್ಟಿ ಮಾಡಿದರು, ಊರು ಕೇಳಿದರು, ತಂದೆಯ ಹೆಸರು ಕೇಳಿದರು. ನಮ್ಮವರ ಲೆಕ್ಕವನ್ನು ಈ ವ್ಯವಸ್ಥೆ ಸರಿಯಾಗಿ ತೆಗೆಯುವುದು ಹೆಣ ಎಣಿಸುವಾಗ. ಬದುಕಿರುವಾಗಲೇ ಎಣಿಸಿ ಎಂದು ಕೇಳುವುದಕ್ಕೆ 90 ದಿನದ ಸಾಕ್ಷಿ ಬೇಕು.

ಗೆಳೆಯರೇ, ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸ್‌ರಾಯ್ ಕಾರ್ಯಾಂಗ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದರು. ನಮ್ಮ ಓಣಿಯ ಪ್ರತಿ ಮನೆಯಲ್ಲೂ ಅವರ ಫೋಟೋ ಇದೆ, ಕೈಯಲ್ಲಿ ಪುಸ್ತಕ ಇದೆ. ಆ ಪುಸ್ತಕ ಪೂಜೆಗಲ್ಲ. ಹಳ್ಳಿಯ ಮಾಸ್ತರರಲ್ಲಿ, ಓದುವ ಹುಡುಗ ಹುಡುಗಿಯರಲ್ಲಿ ನಮ್ಮದೊಂದು ಮಾತು. ನಿಮ್ಮೂರಿನಿಂದ ಗುಳೆ ಹೊರಡುವವರ ಗಂಟಿನಲ್ಲಿ ಒಂದು ನೂರು ಪುಟದ ನೋಟ್‌ಬುಕ್ ಇಡಿ. ಮೊದಲ ಪುಟದಲ್ಲಿ ಸೈಟಿನ ವಿಳಾಸ, ಮೇಸ್ತ್ರಿಯ ಹೆಸರು, ಫೋನ್ ನಂಬರು, ಕೆಲಸಕ್ಕೆ ಸೇರಿದ ತಾರೀಕು. ಬರೆಯಲು ಬಾರದವರು ಗೀಟು ಹಾಕಲಿ. ತಿಂಗಳಿಗೊಮ್ಮೆ ಆ ಪುಟದ ಫೋಟೋ ಊರಿಗೆ ಕಳಿಸಲಿ. ಬಿದ್ದರೆ, ಆಸ್ಪತ್ರೆಯ ಚೀಟಿಯಲ್ಲಿ ಏನು ಬರೆದಿದ್ದಾರೆ ಎಂದು ಅವತ್ತೇ ಯಾರಿಂದಾದರೂ ಓದಿಸಲಿ. ನಾವು ಕೆಲವರು ಭಾನುವಾರದ ಬಟವಾಡೆ ಹೊತ್ತಿಗೆ ಸೈಟುಗಳ ಗೇಟಿನ ಎದುರು ನೋಟ್‌ಬುಕ್ ಹಿಡಿದು ಕೂರುತ್ತಿದ್ದೇವೆ. ಸೆಕ್ಯುರಿಟಿಯವರು ಎಬ್ಬಿಸುತ್ತಾರೆ. ರಸ್ತೆಯ ಆ ಮಗ್ಗುಲಿಗೆ ಹೋಗಿ ಕೂರುತ್ತೇವೆ.

ಈಗ ಆ ಕಟ್ಟಡದ 18ನೇ ಅಂತಸ್ತಿನವರೆಗೆ ಗಾಜು ಏರಿದೆ. ಕಾರಂಜಿಗೆ ಜಾಗ ಬೇಕೆಂದು ಕಳೆದ ವಾರ ಶೆಡ್ಡುಗಳನ್ನು ಕಿತ್ತರು. ತಗಡುಗಳನ್ನು ಗುಜರಿಯವನಿಗೆ ತೂಕಕ್ಕೆ ಹಾಕುತ್ತಿದ್ದರು. ಅವ್ವನ ತಗಡನ್ನು ಹುಡುಕಿ, 350 ರೂಪಾಯಿ ಕೊಟ್ಟು ಬಿಡಿಸಿಕೊಂಡೆವು. ಅವ್ವನ 118 ಗೀಟುಗಳ ಪಕ್ಕದಲ್ಲಿ ದೇವದುರ್ಗದ ಬೇರೆ ಹೆಂಗಸರು ತಂತಮ್ಮ ಪಾಲಿಗೆ ಜಾಗ ಮಾಡಿಕೊಂಡು ಗೀಚಿದ್ದಾರೆ. ಎಣಿಸಲು ಎರಡು ದಿನ ಬೇಕು.

ಬರುವ ತಿಂಗಳು ವಿಚಾರಣೆ. ನೋಟ್‌ಬುಕ್ ಜೊತೆಗೆ ತಗಡನ್ನೂ ತನ್ನಿ ಎಂದಿದ್ದಾರೆ ವಕೀಲರು. ಊರಿಗೆ ಫೋನ್ ಮಾಡಿ ಹೇಳಿದಾಗ ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು:

“ಯವ್ವಾ, ಅದನ್ನ ಸಾಹೇಬ್ರು ಓದ್ತಾರೇನ?”

ಓದಿಸ್ತೀವಿ ಅಂದೆವು.